ಐದು ನಿಮಿಷದಲ್ಲಿ ಏನು ಅಂತ ಹೇಳೋದು?

ಪ್ರಶ್ನೆ: ಎರಡು ವರ್ಷದಿಂದ ಒಂದು ಸಣ್ಣ ಕಂಪನಿಯಲ್ಲಿ ಪೈಥಾನ್ ಕೋಡ್ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ತಿಂಗಳಿಗೊಮ್ಮೆ ಪೈಥಾನ್ ಬಳಗದ ಮೀಟಪ್ ಇರುತ್ತದೆ. ಮೂವತ್ತು ನಲವತ್ತು ಜನ ಬರುತ್ತಾರೆ. ಆರು ತಿಂಗಳಿಂದ ಹಿಂದಿನ ಸಾಲಿನಲ್ಲಿ ಕೂತು ಕೇಳಿ ಎದ್ದು ಬರುತ್ತಿದ್ದೆ. ಈ ಸಲ ನಡೆಸುವವರು "ಮುಂದಿನ ತಿಂಗಳು ನೀವೊಂದು ಐದು ನಿಮಿಷದ ಲೈಟ್ನಿಂಗ್ ಟಾಕ್ ಕೊಡಿ" ಎಂದರು. ಹೂಂ ಅಂದುಬಿಟ್ಟೆ. ಈಗ ನಿದ್ದೆ ಬರುತ್ತಿಲ್ಲ. ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನಾವು ಮಾಡುವುದು ಹಾಲಿನ ಸಂಘಗಳಿಗೆ ರಸೀದಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್. ಹೋದ ತಿಂಗಳು ರಸೀದಿಯಲ್ಲಿ ಕನ್ನಡ ಹೆಸರುಗಳು ಅರ್ಧಕ್ಕೆ ತುಂಡಾಗುತ್ತಿದ್ದವು. ಅದನ್ನು ಸರಿ ಮಾಡಲು ಎರಡು ದಿನ ಒದ್ದಾಡಿದೆ. ಇಂಥವೇ ನನ್ನ ಕೆಲಸ. ಅಲ್ಲಿ ಬರುವವರೆಲ್ಲ ಮಷಿನ್ ಲರ್ನಿಂಗ್ ಮಾತಾಡುವವರು. ಪ್ರೋಗ್ರಾಂಗಳನ್ನು ಡಬ್ಬಿಗೆ ತುಂಬಿದ ಹಾಗೆ ಕಟ್ಟಿ ಬೇರೆ ಕಂಪ್ಯೂಟರ್‌ನಲ್ಲೂ ಓಡಿಸುವ ಡಾಕರ್ ಬಗ್ಗೆ ಒಂದು ಪರಿಚಯ ಕೊಟ್ಟರೆ ಸಾಕಾ? ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ, ಕನ್ನಡದಲ್ಲಿ ಮಾತಾಡಿದರೆ ನಗುತ್ತಾರಾ? ಲೈವ್ ಡೆಮೊ ಮಾಡಲೇಬೇಕಾ?

ಉತ್ತರ: ಡಾಕರ್ ಬೇಡ. ನಿಮ್ಮ ವಿಷಯ ನಿಮ್ಮ ಪ್ರಶ್ನೆಯೊಳಗೇ ಕೂತಿದೆ. "ಇಂಥವೇ ನನ್ನ ಕೆಲಸ" ಅಂತ ನೀವು ದಾಟಿಸಿಬಿಟ್ಟ ಆ ರಸೀದಿಯ ಹೆಸರು ಇದೆಯಲ್ಲ, ಅದೇ.

ಯಾಕೆ ಅಂತ ಹೇಳುವ ಮೊದಲು ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ನಾನು ಮೊದಲ ಸಲ ಇಂಥ ಮೀಟಪ್‌ನಲ್ಲಿ ಐದು ನಿಮಿಷ ಮಾತಾಡಲು ನಿಂತಾಗ ಪೈಥಾನ್‌ನಲ್ಲಿ ಜನರೇಟರ್ ಅನ್ನುವ ಒಂದು ಸೌಲಭ್ಯದ ಬಗ್ಗೆ 22 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಮೊದಲ ಸ್ಲೈಡ್ ನನ್ನ ಹೆಸರು. ಎರಡನೆಯದು ನಾನು ಕೆಲಸ ಮಾಡುವ ಕಂಪನಿ. ಮೂರನೆಯದು "ಇವತ್ತು ಏನೇನು ನೋಡಲಿದ್ದೇವೆ". ಒಂಬತ್ತನೇ ಸ್ಲೈಡ್‌ಗೆ ಬರುವಷ್ಟರಲ್ಲಿ ಟೈಮ್ ಆಯ್ತು ಅಂತ ಕೈ ಎತ್ತಿದರು. ಜನರೇಟರ್ ಇದ್ದದ್ದು ಹನ್ನೊಂದನೇ ಸ್ಲೈಡ್‌ನಲ್ಲಿ. ನಾನು ಅರ್ಧ ಗಂಟೆಯ ಭಾಷಣವನ್ನು ಹಿಂಡಿ ಐದು ನಿಮಿಷಕ್ಕೆ ಇಳಿಸಲು ಹೋಗಿದ್ದೆ. ಅದು ಇಳಿಯಲ್ಲ. ಐದು ನಿಮಿಷದಲ್ಲಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಬಹುದು, ಅಷ್ಟೇ. ಡಾಕರ್ ಪರಿಚಯ ಅಂದರೆ ಒಂದು ಮನೆ ತುಂಬ ಸಾಮಾನು. ಅದನ್ನು ಯಾರು ಬೇಕಾದರೂ ಹೇಳಬಹುದು, ಹೇಳಿಯೂ ಆಗಿದೆ. ರಸೀದಿಯಲ್ಲಿ ಕನ್ನಡ ಹೆಸರು ತುಂಡಾದದ್ದನ್ನು ಹೇಳಲು ಆ ಸಭೆಯಲ್ಲಿ ನೀವೊಬ್ಬರೇ ಇರುವುದು.

ಸಣ್ಣ ವಿಷಯ ಅಂತ ಹಿಂಜರಿಯುತ್ತಿದ್ದೀರಿ ಅಲ್ವಾ? ಈ ಪದ್ಧತಿ ಎಲ್ಲಿಂದ ಬಂತು ನೋಡಿ. ಲೈಟ್ನಿಂಗ್ ಟಾಕ್ ಅನ್ನುವ ಹೆಸರಿನಲ್ಲಿ ಇದನ್ನು ಶುರು ಮಾಡಿದ್ದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗದವರು, 2000ನೇ ಇಸವಿಯಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನದಲ್ಲಿ. ನಡೆಸಿದವರು ಮಾರ್ಕ್ ಜೇಸನ್ ಡೊಮಿನಸ್. ಆ ಸಮ್ಮೇಳನದ ಹೆಸರು "ಯಾಪ್ಸಿ 19100". ತಪ್ಪಿ ಅಚ್ಚಾದದ್ದಲ್ಲ, ಬೇಕಂತಲೇ ಇಟ್ಟದ್ದು. ಪರ್ಲ್‌ಗೆ ಈಗ ಯಾವ ವರ್ಷ ಅಂತ ಕೇಳಿದರೆ ಅದು 1900ರಿಂದ ಈಚೆಗೆ ಎಷ್ಟು ವರ್ಷ ಆಯಿತು ಅಂತ ಹೇಳುತ್ತದೆ. 1999ರಲ್ಲಿ 99 ಎನ್ನುತ್ತಿತ್ತು. ಬಹಳ ಜನ ಅದರ ಮುಂದೆ ಸುಮ್ನೆ 19 ಅಂಟಿಸಿ ಮುಗಿಸಿದ್ದರು. 2000 ಬಂತು, ಪರ್ಲ್ 100 ಎಂದಿತು, ಎಷ್ಟೋ ವೆಬ್‌ಸೈಟ್‌ಗಳಲ್ಲಿ ವರ್ಷ 19100 ಅಂತ ಬಿತ್ತು. ಅವರು ಆ ಬಗ್ಗನ್ನೇ, ಅಂದರೆ ಕೋಡಿನ ತಪ್ಪನ್ನೇ, ತಮ್ಮ ಸಮ್ಮೇಳನಕ್ಕೆ ಹೆಸರಾಗಿ ಇಟ್ಟುಕೊಂಡರು. ನಿಮ್ಮದೂ ಅದೇ ಜಾತಿಯ ಬಗ್. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದಾಗ ಸರಿ ಬಂತು, ನಿಜವಾದ ಹೆಸರು ಬಂದ ದಿನ ಕೆಟ್ಟಿತು.

ಐದೇ ನಿಮಿಷ ಯಾಕೆ ಅಂದರೆ ಅದರಲ್ಲಿ ಒಂದು ಒಳ್ಳೆಯ ಲೆಕ್ಕಾಚಾರ ಇದೆ. ಒಬ್ಬರ ಮಾತು ಬೇಸರ ಬಂದರೂ ಐದು ನಿಮಿಷ ತಡೆದುಕೊಂಡರೆ ಇನ್ನೊಬ್ಬರು ಬರುತ್ತಾರೆ. ಹೊಸಬರಿಗೆ ಜಾಗ ಕೊಡಲು ನಡೆಸುವವರೂ ಹೆದರಬೇಕಿಲ್ಲ. ಪರ್ಲ್ ಸಮ್ಮೇಳನಗಳಲ್ಲಿ ಟೈಮ್ ಮುಗಿದ ಕೂಡಲೇ ಜಾಗಟೆ ಬಾರಿಸುವ ರೂಢಿಯೇ ಇತ್ತು. ದೇವಸ್ಥಾನದ ಮಂಗಳಾರತಿ ನೆನಪಾಗುತ್ತದೆ ನನಗೆ. ಕೆಲವು ಕಡೆ ಜಾಗಟೆಯ ಬದಲು ಇಡೀ ಸಭೆ ಚಪ್ಪಾಳೆ ತಟ್ಟಲು ಶುರು ಮಾಡುತ್ತದೆ, ಮಾತಾಡುವವರು ನಗುತ್ತಾ ಇಳಿಯುತ್ತಾರೆ. ಇದರ ಅಣ್ಣತಮ್ಮಂದಿರೂ ಇದ್ದಾರೆ. 2003ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಪೆಚಾಕುಚಾದಲ್ಲಿ ಇಪ್ಪತ್ತು ಸ್ಲೈಡ್, ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್. 2006ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಇಗ್ನೈಟ್‌ನಲ್ಲಿ ಇಪ್ಪತ್ತು ಸ್ಲೈಡ್, ಹದಿನೈದು ಸೆಕೆಂಡ್. ಎರಡರಲ್ಲೂ ಸ್ಲೈಡ್ ತಾನಾಗೇ ಓಡುತ್ತದೆ, ನಾವು ಅದರ ಹಿಂದೆ ಓಡಬೇಕು. ನೋಡಲು ಮಜವಾಗಿರುತ್ತದೆ, ಮೊದಲ ಸಲ ಮಾತಾಡುವವರಿಗೆ ಬೇಡ.

ಈಗ ನಿಮ್ಮ ಟಾಕ್‌ಗೆ ಬರೋಣ. ನಾನಾಗಿದ್ದರೆ ಹೇಗೆ ಕಟ್ಟುತ್ತಿದ್ದೆ ಅಂತ ಹೇಳುತ್ತೇನೆ. ನಿಮ್ಮ ರಸೀದಿಯಲ್ಲಿ ಹೆಸರಿಗೆ ಎಷ್ಟು ಅಕ್ಷರದ ಜಾಗ ಇದೆಯೋ ಗೊತ್ತಿಲ್ಲ, ಎಂಟು ಅಂತ ಇಟ್ಟುಕೊಳ್ಳೋಣ.

ಹೆಸರು, ಕಂಪನಿ, ವಂದನೆ ಏನೂ ಇಲ್ಲದೆ ನೇರ ಮೊದಲ ಸ್ಲೈಡ್. ಅದರಲ್ಲಿ ದೊಡ್ಡದಾಗಿ ಎರಡೇ ಹೆಸರು: ಬಸವರಾಜ, ಲಕ್ಷ್ಮಮ್ಮ. ಸಭೆಯನ್ನು ಕೇಳಿ, ಎಷ್ಟೆಷ್ಟು ಅಕ್ಷರ ಇದೆ ಅಂತ. ಐದು, ಮೂರು ಎನ್ನುತ್ತಾರೆ. ಕನ್ನಡ ಬಾರದವರು ಇದ್ದರೆ ಪಕ್ಕದವರು ಹೇಳಿಕೊಡುತ್ತಾರೆ, ಅಲ್ಲಿಗೆ ಸಭೆ ಎದ್ದು ಕೂತಿತು. ಆಮೇಲೆ ಕೇಳಿ: "ರಸೀದಿಯಲ್ಲಿ ಎಂಟು ಅಕ್ಷರಕ್ಕೆ ಜಾಗ ಇದೆ. ಯಾವ ಹೆಸರು ತುಂಡಾಗುತ್ತದೆ?" ಎರಡೂ ಆಗಲ್ಲ ಎನ್ನುತ್ತಾರೆ. ಆಗ ಎರಡನೇ ಸ್ಲೈಡ್, ಪ್ರಿಂಟ್ ಆದ ರಸೀದಿಯ ಫೋಟೊ. ಬಸವರಾಜ ಪೂರ್ತಿ ಬಂದಿದ್ದಾನೆ. ಮೂರೇ ಅಕ್ಷರದ ಲಕ್ಷ್ಮಮ್ಮ "ಲಕ್ಷ್ಮಮ್" ಆಗಿದ್ದಾಳೆ. ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಿ. ನಗು ಬರುತ್ತದೆ, ಅದು ಮುಗಿಯಲಿ. ಇಷ್ಟಕ್ಕೆ ಒಂದು ನಿಮಿಷ ಆಗಿರುತ್ತದೆ.

ಮೂರನೇ ಸ್ಲೈಡ್‌ನಲ್ಲಿ ಕಾರಣ. ಪೈಥಾನ್‌ನಲ್ಲಿ ಉದ್ದ ಕೇಳುವ ಲೆನ್ (len) ಎಂಬ ಫಂಕ್ಷನ್‌ಗೆ ಲಕ್ಷ್ಮಮ್ಮನನ್ನು ಕೊಟ್ಟರೆ ಅದು 9 ಎನ್ನುತ್ತದೆ. ಒಂಬತ್ತನ್ನೂ ಬಿಡಿಸಿ ಒಂದೇ ಸಾಲಿನಲ್ಲಿ ಇಡಿ: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. (ಹಲಂತ ಅಂದರೆ ಇಲ್ಲಿ ವ್ಯಂಜನದ ಸ್ವರ ಕಳೆಯುವ ಗುರುತು.) ಬಸವರಾಜನಿಗೆ ಆರು: ಬ, ಸ, ವ, ರ, ದೀರ್ಘದ ಗುರುತು, ಜ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗ 128. ಅದರಲ್ಲಿ ಒತ್ತಕ್ಷರಕ್ಕೆ ಅಂತ ಬೇರೆ ಮನೆ ಇಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ ಹೀಗೆ ಸಾಲಾಗಿ ಬಂದರೆ ಫಾಂಟ್ ಅದನ್ನು ಒತ್ತಾಗಿ ಬರೆದು ತೋರಿಸುತ್ತದೆ. ನಮ್ಮ ಕಣ್ಣು ಒತ್ತು ನೋಡುತ್ತದೆ, ಲೆನ್ ಬಿಡಿ ಚೂರುಗಳನ್ನು ಎಣಿಸುತ್ತದೆ. ನೀವು ಎಂಟಕ್ಕೆ ಕತ್ತರಿಸಿದಾಗ ಕತ್ತರಿ ಬಿದ್ದದ್ದು ಕೊನೆಯ ಹಲಂತಕ್ಕೂ ಕೊನೆಯ ‘ಮ’ಕ್ಕೂ ಮಧ್ಯೆ. ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಆ ಸಾಲಿನಲ್ಲಿ ಒಂದು ಕೆಂಪು ಗೆರೆ ಎಳೆದು ತೋರಿಸಿ.

ನಾಲ್ಕನೇ ಸ್ಲೈಡ್, ನೀವು ಸರಿ ಮಾಡಿದ ರೀತಿ. ನೀವು ಹೇಗೆ ಮಾಡಿದಿರಿ ಅಂತ ಬರೆದಿಲ್ಲ, ಆದರೆ ಬಹುತೇಕ ಹೀಗೇ ಇರಬೇಕು. ಹೊಸ ಅಕ್ಷರ ಶುರುವಾಗುವುದು ಸ್ವರ ಅಥವಾ ವ್ಯಂಜನ ಬಂದಾಗ, ಅದೂ ಅದರ ಹಿಂದೆ ಹಲಂತ ಇಲ್ಲದಿದ್ದರೆ ಮಾತ್ರ. ಉಳಿದದ್ದೆಲ್ಲ ಹಿಂದಿನ ಅಕ್ಷರದ ಬಾಲ. ಈ ನಿಯಮ ಹಾಕಿದರೆ ಲಕ್ಷ್ಮಮ್ಮನಿಗೆ ಮೂರು ಬರುತ್ತದೆ. ಹತ್ತು ಹನ್ನೆರಡು ಸಾಲಿನ ಕೋಡ್. ಅದನ್ನು ಸಾಲು ಸಾಲಾಗಿ ಓದಬೇಡಿ. ನಿಯಮವನ್ನು ಮಾತಿನಲ್ಲಿ ಹೇಳಿ, ಕೋಡ್ ಹಿಂದೆ ಸುಮ್ನೆ ಕಾಣುತ್ತಿರಲಿ. ಬೇಕಾದವರು ಫೋಟೊ ತೆಗೆದುಕೊಳ್ಳುತ್ತಾರೆ.

ಐದನೆಯದು ಕೊನೆಯದು. ಅದೇ ರಸೀದಿ, ಈಗ ಲಕ್ಷ್ಮಮ್ಮ ಪೂರ್ತಿ. ಬಾಯಲ್ಲಿ ಒಂದು ಮಾತು: "ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ ಹೆಸರು ಕತ್ತರಿಸುತ್ತಿದ್ದರೆ ಇವತ್ತು ಮನೆಗೆ ಹೋಗಿ ಲಕ್ಷ್ಮಮ್ಮ ಅಂತ ಹಾಕಿ ನೋಡಿ." ಕೂತುಕೊಳ್ಳಿ. ಥ್ಯಾಂಕ್ಯೂ ಅಂತ ದೊಡ್ಡದಾಗಿ ಬರೆದ ಸ್ಲೈಡ್ ಬೇಡ, ಬಾಯಲ್ಲಿ ಹೇಳಿದರೆ ಸಾಕು.

ಇಲ್ಲಿ ನಿಮಗೆ ಆಸೆ ಹುಟ್ಟುತ್ತದೆ, ಅದನ್ನು ತಡೆಯಬೇಕು. ಈ ವಿಷಯದಲ್ಲಿ ಇನ್ನೂ ಬೇಕಾದಷ್ಟಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್‌–8 ವಿಧಾನದಲ್ಲಿ ಕನ್ನಡದ ಒಂದೊಂದು ಚೂರಿಗೂ ಮೂರು ಬೈಟ್ ಬೇಕು, ಹಾಗಾಗಿ ಲಕ್ಷ್ಮಮ್ಮನಿಗೆ 27 ಬೈಟ್. ಬೈಟ್ ಲೆಕ್ಕದಲ್ಲಿ ಜಾಗ ಕೊಡುವ ಕಡೆ ಇನ್ನೊಂದು ಥರ ತುಂಡಾಗುತ್ತದೆ. ಮೈಸೂರು ಅನ್ನುವ ಪದಕ್ಕೆ ಸಾಮಾನ್ಯವಾಗಿ ಲೆನ್ 6 ಹೇಳುತ್ತದೆ, ಆದರೆ ಕೂಡಿದ ಗುರುತುಗಳನ್ನು ಬಿಡಿಸಿ ಇಡುವ ಯೂನಿಕೋಡ್‌ನ ಎನ್‌ಎಫ್‌ಡಿ ರೂಪಕ್ಕೆ ತಿರುಗಿಸಿದರೆ ಐತ್ವದ ಗುರುತು ಎರಡು ಚೂರಾಗಿ 7 ಆಗುತ್ತದೆ. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ರಾಜ್‌ಕುಮಾರ್ ಅಂತ ಒತ್ತು ಬರದ ಹಾಗೆ ಬರೆಯಲು ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತಾರೆ, ಲೆನ್ ಅದನ್ನೂ ಎಣಿಸುತ್ತದೆ. ಇವೆಲ್ಲ ಚೆನ್ನಾಗಿವೆ ನಿಜ. ಆದರೆ ಒಂದನ್ನೂ ಸ್ಲೈಡ್‌ಗೆ ಹಾಕಬೇಡಿ. ಜೇಬಿನಲ್ಲಿರಲಿ. ಟೀ ಹೊತ್ತಿಗೆ ಯಾರಾದರೂ ಬಂದು ಕೇಳಿದಾಗ ಒಂದೊಂದಾಗಿ ತೆಗೆಯಿರಿ. ಅರ್ಧ ಗಂಟೆಯ ಟಾಕ್ ಕೊಡಿ ಅಂತ ಮುಂದೆ ಕೇಳಿದಾಗ ಸಾಮಾನು ಅಲ್ಲೇ ಇರುತ್ತದೆ.

ಒಂದು ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರಿ. "ಮೂರು ಅಕ್ಷರ ಅಂದಮಾತ್ರಕ್ಕೆ ಅಗಲ ಒಂದೇ ಇರುತ್ತಾ? ಕ್ಷ್ಮ ಹಿಡಿಯುವ ಜಾಗವೂ ರ ಹಿಡಿಯುವ ಜಾಗವೂ ಒಂದೇನಾ?" ಅಲ್ಲ. ಸರಿಯಾದ ದಾರಿ ಅಂದರೆ ಆ ಫಾಂಟ್‌ನಲ್ಲಿ ಹೆಸರು ಎಷ್ಟು ಪಿಕ್ಸೆಲ್ ಹಿಡಿಯುತ್ತದೆ ಅಂತ ಅಳೆದು, ಅಕ್ಷರದ ಗಡಿಯಲ್ಲಿ ಕತ್ತರಿಸುವುದು. ನೀವು ಅಷ್ಟು ಮಾಡಿಲ್ಲದಿದ್ದರೆ "ನಾನು ಅಲ್ಲಿವರೆಗೆ ಹೋಗಿಲ್ಲ, ಸದ್ಯಕ್ಕೆ ಇದು ಸಾಕಾಯಿತು" ಎನ್ನಿ. ಯಾರೂ ಏನೂ ಅಂದುಕೊಳ್ಳಲ್ಲ. ಮಷಿನ್ ಲರ್ನಿಂಗ್‌ನವರು ನಕ್ಕಾರು ಅನ್ನುವ ಭಯ ಬಿಡಿ. ಕನ್ನಡ, ತೆಲುಗು, ಹಿಂದಿ ಪಠ್ಯವನ್ನು ಮಾಡೆಲ್‌ಗೆ ತಿನ್ನಿಸುವ ಮೊದಲು ಚೂರು ಮಾಡಬೇಕಲ್ಲ, ಆಗ ಅವರಿಗೂ ಇದೇ ಹಲಂತ ಕಾಟ ಕೊಟ್ಟಿರುತ್ತದೆ. ನಿಮ್ಮ ಹತ್ತಿರ ಮೊದಲು ಬಂದು ಮಾತಾಡಿಸುವವರು ಅವರೇ ಇರಬಹುದು.

ಇನ್ನು ಭಾಷೆ. ನಿಮ್ಮ ಮೀಟಪ್‌ನಲ್ಲಿ ಬೇರೆಯವರು ಹೇಗೆ ಮಾತಾಡುತ್ತಾರೆ ನೋಡಿ. ಬೆಂಗಳೂರಿನ ಬ್ಯಾಂಗ್‌ಪೈಪರ್ಸ್‌ನಂಥ ಪೈಥಾನ್ ಬಳಗದಲ್ಲಿ ದೇಶದ ಎಲ್ಲ ಕಡೆಯವರೂ ಇರುತ್ತಾರೆ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಭಾರತದ ಮೊದಲ ಪೈಕಾನ್, ಅಂದರೆ ಪೈಥಾನ್ ಸಮ್ಮೇಳನ, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆದದ್ದು, ಆಗಿನಿಂದಲೂ ಈ ವಲಯದ ಮಾತು ಹೆಚ್ಚಾಗಿ ಇಂಗ್ಲಿಷೇ. ನಿಮ್ಮೂರಿನ ಸಭೆಯಲ್ಲಿ ಮುಕ್ಕಾಲು ಜನ ಕನ್ನಡದವರಾದರೆ ಕನ್ನಡದಲ್ಲೇ ಹೇಳಿ. ಲೂಪ್, ಫಂಕ್ಷನ್, ಸ್ಟ್ರಿಂಗ್ ಅವೆಲ್ಲ ಹಾಗೇ ಬರಲಿ. ಆಫೀಸಿನಲ್ಲಿ ಪಕ್ಕದವರಿಗೆ ಬಗ್ ವಿವರಿಸುವಾಗ ಹೇಗೆ ಮಾತಾಡುತ್ತೀರೋ ಹಾಗೆ. ತಂತಿ, ಕುಣಿಕೆ ಅಂತೆಲ್ಲ ಅನುವಾದ ಮಾಡಲು ಹೋದರೆ ಕೇಳುವವರು ಅರ್ಥ ಹುಡುಕುತ್ತಾ ಕೂರುತ್ತಾರೆ. ಸ್ಲೈಡ್‌ನಲ್ಲಿರುವ ಒಂದೆರಡು ಸಾಲು ಮಾತ್ರ ಇಂಗ್ಲಿಷಿನಲ್ಲಿರಲಿ, ಕನ್ನಡ ಬಾರದವರಿಗೂ ಎಳೆ ಸಿಗುತ್ತದೆ. ಇಂಗ್ಲಿಷಿನಲ್ಲೇ ಹೇಳಬೇಕಾಗಿ ಬಂದರೆ ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಬಾಯಿಪಾಠ ಮಾಡಿ. ಮಧ್ಯದ್ದನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಪೂರ್ತಿ ಗಾಡಿ ನಿಲ್ಲುತ್ತದೆ.

ಲೈವ್ ಡೆಮೊ ಕಡ್ಡಾಯ ಅಲ್ಲ. ನಿಮ್ಮ ಟಾಕ್‌ಗೆ ಬೇಕಾಗಿಯೂ ಇಲ್ಲ. ಫೋಟೊಗಳೇ ಸಾಕು. ಮಾಡಲೇಬೇಕು ಅನ್ನಿಸಿದರೆ ಲೆನ್ ಕೇಳಿ 9 ಬರುವ ಒಂದೇ ಸಾಲು ಮಾಡಿ. ಅದಕ್ಕೂ ಮೊದಲೇ ಟೈಪ್ ಮಾಡಿಟ್ಟು ಎಂಟರ್ ಒತ್ತುವುದಷ್ಟೇ ಉಳಿಸಿಕೊಳ್ಳಿ. ನಲವತ್ತು ಜನ ನೋಡುತ್ತಿರುವಾಗ ಕೀಬೋರ್ಡ್ ಬದಲಾಯಿಸಿ ಕನ್ನಡ ಟೈಪ್ ಮಾಡುವುದು ಬೇಡವೇ ಬೇಡ. ಇನ್ನೊಂದು ಸಂಗತಿ ನಿಮ್ಮ ವಿಷಯಕ್ಕೇ ಅಂಟಿಕೊಂಡದ್ದು. ಕಮಾಂಡ್ ಟೈಪ್ ಮಾಡುವ ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ಕಾಣುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತದೆ. ನೀವು ತೋರಿಸಬೇಕಾದ ತಪ್ಪು ಯಾವುದು, ಟರ್ಮಿನಲ್ ಮಾಡಿದ ತಪ್ಪು ಯಾವುದು ಅಂತ ಜನಕ್ಕೆ ಗೊತ್ತಾಗಲ್ಲ. ಹಾಗಾಗಿ ಪರದೆಯ ಚಿತ್ರ ಮೊದಲೇ ತೆಗೆದು ಸ್ಲೈಡ್‌ಗೆ ಹಾಕಿ. ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಪಿಡಿಎಫ್‌ನಲ್ಲಿ ಲಕ್ಷ್ಮಮ್ಮ ಲಕ್ಷ್ಮಮ್ಮನಾಗಿಯೇ ಇರುತ್ತಾಳೆ.

ಪ್ರೊಜೆಕ್ಟರ್ ಬಗ್ಗೆ ಎರಡು ಮಾತು, ಯಾಕೆಂದರೆ ಮೀಟಪ್‌ಗಳಲ್ಲಿ ಮಾತಿಗಿಂತ ಜಾಸ್ತಿ ಹೊತ್ತು ತಿನ್ನುವುದು ಅದೇ. ಕಪ್ಪು ಹಿನ್ನೆಲೆಯ ಕೋಡ್ ನಿಮ್ಮ ಪರದೆಯಲ್ಲಿ ಚೆಂದ, ಮಧ್ಯಾಹ್ನದ ಬೆಳಕು ಬರುವ ರೂಮಿನ ಗೋಡೆಯ ಮೇಲೆ ಏನೂ ಕಾಣಲ್ಲ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಹಾಕಿ. ಅಕ್ಷರ ನಿಮಗೇ ನಾಚಿಕೆಯಾಗುವಷ್ಟು ದೊಡ್ಡದಿರಲಿ. ಕನ್ನಡದಲ್ಲಿ ಒತ್ತು ಕೆಳಗೆ ಬರುವುದರಿಂದ ಅದೇ ಅಳತೆಯ ಇಂಗ್ಲಿಷಿಗಿಂತ ಬೇಗ ಮಸುಕಾಗುತ್ತದೆ. ಎಚ್‌ಡಿಎಂಐ ಕನೆಕ್ಟರ್ ನೀವೇ ಒಯ್ಯಿರಿ, ಅಲ್ಲಿ ಇರುತ್ತದೆ ಅಂತ ನಂಬಬೇಡಿ. ವಾಟ್ಸಾಪ್ ಮುಚ್ಚಿ. ನನ್ನ ಗೆಳೆಯರೊಬ್ಬರು ಡೇಟಾಬೇಸ್ ಬಗ್ಗೆ ಗಂಭೀರವಾಗಿ ಮಾತಾಡುವಾಗ ಪರದೆಯ ಮೂಲೆಯಲ್ಲಿ "ಬರ್ತಾ ಕೊತ್ತಂಬರಿ ತಗೊಂಬಾ" ಅಂತ ಬಂತು. ಆಮೇಲೆ ಯಾರಿಗೂ ಡೇಟಾಬೇಸ್ ನೆನಪಿರಲಿಲ್ಲ.

ಮೀಟಪ್ ಯಾವುದಾದರೂ ಆಫೀಸಿನಲ್ಲಿ ನಡೆಯುವುದಾದರೆ ಅರ್ಧ ಗಂಟೆ ಮುಂಚೆ ಹೋಗಿ. ಗೇಟ್‌ನಲ್ಲಿ ಸೆಕ್ಯುರಿಟಿಯವರು ಲ್ಯಾಪ್‌ಟಾಪ್ ತಿರುಗಿಸಿ ಸೀರಿಯಲ್ ನಂಬರ್ ರಿಜಿಸ್ಟರ್‌ನಲ್ಲಿ ಬರೆಸುತ್ತಾರೆ, ಪಾಸ್ ಕೊಡುತ್ತಾರೆ, ಲಿಫ್ಟ್‌ಗೆ ಕಾರ್ಡ್ ಇರುವವರು ಬರಬೇಕು. ಇದನ್ನೆಲ್ಲ ದಾಟಿ ಓಡಿಬಂದು ಏದುಸಿರು ಬಿಡುತ್ತಾ ಮಾತು ಶುರು ಮಾಡಿದವರನ್ನು ನೋಡಿದ್ದೇನೆ, ಪಾಪ ಅನ್ನಿಸುತ್ತದೆ. ಮುಂಚೆ ಹೋದರೆ ಖಾಲಿ ರೂಮಿನಲ್ಲಿ ಒಂದು ಸಲ ಕೇಬಲ್ ಚುಚ್ಚಿ ನೋಡಬಹುದು, ಹಿಂದಿನ ಸಾಲಿಗೆ ಹೋಗಿ ನಿಮ್ಮದೇ ಸ್ಲೈಡ್ ಓದಿ ನೋಡಬಹುದು. ಆ ಸಾಲು ಹೇಗೂ ನಿಮಗೆ ಪರಿಚಯದ್ದೇ.

ಅಭ್ಯಾಸ ಮಾಡುವಾಗ ಎದ್ದು ನಿಂತು, ಜೋರಾಗಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಮಾಡಿ. ಮನಸ್ಸಿನಲ್ಲೇ ಓದಿಕೊಂಡರೆ ಮೂರು ನಿಮಿಷ ಬರುತ್ತದೆ, ಬಾಯಿಬಿಟ್ಟರೆ ಆರು. ನಾಲ್ಕು ನಿಮಿಷಕ್ಕೆ ಮುಗಿಯುವ ಹಾಗೆ ಮಾಡಿಕೊಳ್ಳಿ. ಉಳಿದ ಒಂದು ನಿಮಿಷವನ್ನು ನಗು, ಕೇಬಲ್, ನೀರು ಕುಡಿಯುವುದು ತಿಂದುಹಾಕುತ್ತವೆ. ಮೂರು ಸಲ ಸಾಕು. ಹತ್ತು ಸಲ ಮಾಡಿದರೆ ನಿಮಗೇ ಬೇಸರ ಬಂದು, ಆ ಬೇಸರ ಸಭೆಗೂ ಕಾಣುತ್ತದೆ. ಸಾಧ್ಯವಾದರೆ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಮೊದಲೆರಡು ಸ್ಲೈಡ್ ತೋರಿಸಿ, ಅಮ್ಮನೋ ಅಜ್ಜಿಯೋ ಯಾರಾದರೂ. "ಮೂರಕ್ಷರ ತುಂಡಾಗಿ ಐದಕ್ಷರ ಉಳ್ಕೊಂಡಿದ್ದು ಹ್ಯಾಗೆ?" ಅಂತ ಅವರು ಕೇಳಿದರೆ ನಿಮ್ಮ ಟಾಕ್ ರೆಡಿ.

ಎರಡು ಜಾಗ್ರತೆ ಇದೆ. ನಿಜವಾದ ರಸೀದಿ ತೋರಿಸಬೇಡಿ. ಅದರಲ್ಲಿ ಸದಸ್ಯರ ನಂಬರು, ಹಾಲಿನ ಲೆಕ್ಕ, ದುಡ್ಡು ಎಲ್ಲ ಇರುತ್ತದೆ. ಬಸವರಾಜ, ಲಕ್ಷ್ಮಮ್ಮ ಅಂತ ಹಾಕಿ ನೀವೇ ಎರಡು ರಸೀದಿ ಪ್ರಿಂಟ್ ತೆಗೆದು ಫೋಟೊ ಹೊಡೆಯಿರಿ. ಕಂಪನಿಯ ಕೋಡನ್ನೂ ಹಾಗೇ ತಂದು ಹಾಕಬೇಡಿ. ಮೇಲಿನವರಿಗೆ ಒಂದು ಮಾತು ಹೇಳಿ, ಆ ಹತ್ತು ಸಾಲನ್ನು ಬೇರೆಯಾಗಿ ಹೊಸದಾಗಿ ಬರೆಯಿರಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ, ಕೇಳದೆ ಮಾಡಿದಾಗಲೇ ರಗಳೆ.

ಇದನ್ನು ನಿಮ್ಮ ಮೀಟಪ್ ನಡೆಸುವವರೂ ಓದಿದರೆ ಒಂದು ಕೋರಿಕೆ. ಐದು ಜನರ ಪಿಡಿಎಫ್‌ಗಳನ್ನು ಮೊದಲೇ ತರಿಸಿಕೊಂಡು ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಾಕಿಡಿ. ಒಬ್ಬೊಬ್ಬರಿಗೂ ಲ್ಯಾಪ್‌ಟಾಪ್ ಬದಲಾಯಿಸುತ್ತಾ ಹೋದರೆ ಇಪ್ಪತ್ತೈದು ನಿಮಿಷದ ಕಾರ್ಯಕ್ರಮ ಮುಕ್ಕಾಲು ಗಂಟೆಗೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬರು ಕೂತು ಒಂದು ನಿಮಿಷ ಉಳಿದಾಗ ಹಳದಿ ಕಾರ್ಡ್, ಮುಗಿದಾಗ ಕೆಂಪು ಕಾರ್ಡ್ ಎತ್ತಲಿ. ಹಿರಿಯರಿಗೂ ಎತ್ತಬೇಕು. ದೊಡ್ಡ ಹೆಸರಿನವರು ಹದಿನೈದು ನಿಮಿಷ ಎಳೆದು, ಕೊನೆಯಲ್ಲಿ ನಿಂತ ಹೊಸಬರಿಗೆ "ಬೇಗ ಮುಗಿಸಮ್ಮಾ, ಸಮೋಸ ಆರ್ತಿದೆ" ಅನ್ನುವುದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ಕಂಡಿದ್ದೇನೆ. ಹೊಸಬರನ್ನು ಎರಡನೆಯವರಾಗಿ ನಿಲ್ಲಿಸಿ. ಮೊದಲನೆಯವರು ಪ್ರೊಜೆಕ್ಟರ್ ಜೊತೆ ಗುದ್ದಾಡಿ ಮುಗಿಸಿರುತ್ತಾರೆ.

ನೀವು ಸದ್ಯಕ್ಕೆ ಮಾಡಬೇಕಾದ್ದು ಒಂದೇ. ಟಾಕ್‌ನ ಹೆಸರು ಏನು ಅಂತ ನಡೆಸುವವರು ಕೇಳಿರುತ್ತಾರೆ, ಇವತ್ತೇ ಕಳಿಸಿಬಿಡಿ, ಇಲ್ಲದಿದ್ದರೆ ನಾಳೆ ಮತ್ತೆ ಡಾಕರ್ ನೆನಪಾಗುತ್ತದೆ. ಯೂನಿಕೋಡ್, ಸಂಸ್ಕರಣೆ, ಸವಾಲುಗಳು ಅಂತೆಲ್ಲ ಬರೆಯಬೇಡಿ. ಹೀಗೆ ಬರೆಯಿರಿ: "ಬಸವರಾಜ ಪಾಸು, ಲಕ್ಷ್ಮಮ್ಮ ಫೇಲು".